ಇರಾಕಿನ ಬೀದಿ, ಹಿಂದಿ ಚಿತ್ರದ ರಾಗ

ರ‍್ಯಾಪ್ ಎಂದರೆ ಬೈಗುಳ, ಬಂಗಾರದ ಸರ, ದುಬಾರಿ ಕಾರು ಎಂಬ ತೀರ್ಮಾನ ನಮ್ಮ ತಲೆಮಾರಿನ ಅನೇಕರಲ್ಲಿದೆ. ನಾವೂ ಅದಕ್ಕೆ ಹೊರತಾಗಿರಲಿಲ್ಲ. ಗಝಲ್, ಕವ್ವಾಲಿಗಳಲ್ಲಿ ಪಳಗಿದ ಕಿವಿ ನಮ್ಮದು. ಮನೆಯ ಹುಡುಗರ ಕೋಣೆಯಿಂದ ಆ ಸದ್ದು ಬಂದಾಗ 'ಸ್ವಲ್ಪ ಬಾಗಿಲು ಹಾಕಿಕೊಳ್ರಪ್ಪಾ' ಎನ್ನುವುದಷ್ಟೇ ನಮ್ಮ ವಿಮರ್ಶೆಯಾಗಿತ್ತು. ಆ ತೀರ್ಮಾನವನ್ನು ಅಲುಗಾಡಿಸಿದ್ದು 'ದಿ ಎಕ್ಸ್‌ಟ್ಯಾಟಿಕ್' ಎಂಬ ಆಲ್ಬಮ್.

ಇದನ್ನು ಹಾಡಿದವರು ಯಾಸೀನ್ ಬೇ. 2009ರ ಜೂನ್‌ನಲ್ಲಿ ಇದು ಹೊರಬಂದಾಗ ಅವರ ಹೆಸರು ಮೋಸ್ ಡೆಫ್ ಎಂದಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1973ರಲ್ಲಿ ಹುಟ್ಟಿದ ಇವರು ಹೊಸಬರೇನಲ್ಲ. 1999ರ 'ಬ್ಲ್ಯಾಕ್ ಆನ್ ಬೋತ್ ಸೈಡ್ಸ್' ಅವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿತ್ತು. ಆ ಆಲ್ಬಮ್ ಶುರುವಾಗುವುದೇ ಬಿಸ್ಮಿಲ್ಲಾದಿಂದ. ಅನಂತರದ ಎರಡು ಆಲ್ಬಮ್‌ಗಳು ಮೊದಲಿನದರ ಎತ್ತರಕ್ಕೆ ಏರಲಿಲ್ಲ. ಸಿನಿಮಾ ನಟನೆ ಅವರ ಸಮಯವನ್ನು ತಿನ್ನತೊಡಗಿತ್ತು. ಹಾಗಿರುವಾಗ ಬಂದದ್ದು ಹದಿನಾರು ಹಾಡುಗಳ ಈ ಸಂಕಲನ.

ಹೆಸರನ್ನೇ ನೋಡಿ. ವಿಕ್ಟರ್ ಲವಾಲ್ ಅವರ ಕಾದಂಬರಿಯಿಂದ ಪಡೆದದ್ದು. ದೈವದ ಗುಂಗು ಹಿಡಿದವನು, ಲೋಕದ ಕಣ್ಣಿಗೆ ಹುಚ್ಚನಂತೆ ಕಾಣುವವನು ಎಂಬರ್ಥ ಈ ಪದಕ್ಕಿದೆ. ಉರ್ದು ಬಲ್ಲವರಿಗೆ 'ಮಜ್ಝೂಬ್' ಎಂದರೆ ಥಟ್ಟನೆ ಹೊಳೆದೀತು. ಮುಖಪುಟದ ಚಿತ್ರ ಚಾರ್ಲ್ಸ್ ಬರ್ನೆಟ್ ಅವರ 'ಕಿಲ್ಲರ್ ಆಫ್ ಶೀಪ್' ಚಲನಚಿತ್ರದ್ದು. ಕಸಾಯಿಖಾನೆಯಲ್ಲಿ ದುಡಿಯುವ ಕರಿಯನೊಬ್ಬನ ಸಂಸಾರದ ಕತೆ ಅದು. ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಿರುವ ಹುಡುಗ ಗಾಳಿಯಲ್ಲೇ ಉಳಿದಿದ್ದಾನೆ. ದಾಟಿದನೋ ಬಿದ್ದನೋ ಚಿತ್ರ ಹೇಳುವುದಿಲ್ಲ.

ಮೊದಲ ಹಾಡು 'ಸೂಪರ್ ಮ್ಯಾಜಿಕ್' ತೆರೆದುಕೊಳ್ಳುವುದು ಮಾಲ್ಕಂ ಎಕ್ಸ್ ಅವರ ದನಿಯಿಂದ. 1964ರ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣದ ತುಣುಕು ಅದು. ಲೋಕದ ಈ ದುರವಸ್ಥೆಯನ್ನು ಬದಲಿಸಬಯಸುವ ಯಾರೊಂದಿಗಾದರೂ, ಬಣ್ಣ ಕೇಳದೆ, ಕೈಜೋಡಿಸುವೆನೆಂದು ಅವರು ಅಲ್ಲಿ ಹೇಳಿದ್ದರು. ಮೂರು ತಿಂಗಳು ತುಂಬುವ ಮೊದಲೇ ಅವರ ಹತ್ಯೆಯಾಯಿತು. ಆ ದನಿಯ ಬೆನ್ನಿಗೇ ಟರ್ಕಿಯ ಗಾಯಕಿ ಸೆಲ್ದಾ ಬಾಜಾನ್ ಅವರ 1970ರ ದಶಕದ ಹಾಡೊಂದರ ರಾಗ ಭೋರ್ಗರೆಯುತ್ತದೆ. ಬಡವರ ಪಾಡನ್ನು ಕುರಿತ ಹಾಡು ಅದು. 1980ರ ಸೈನಿಕ ಕ್ರಾಂತಿಯ ನಂತರ ಸೆಲ್ದಾ ತಮ್ಮ ಹಾಡುಗಳಿಗಾಗಿ ಜೈಲು ಕಂಡವರು. ಹಳೆಯ ಧ್ವನಿಮುದ್ರಿಕೆಗಳಿಂದ ತುಣುಕು ಕತ್ತರಿಸಿ ಹೊಸ ಹಾಡಿಗೆ ತಳಹದಿ ಮಾಡುವುದು ಹಿಪ್ ಹಾಪ್‌ನ ಪದ್ಧತಿ. ಇದನ್ನು ಕಳವು ಎನ್ನುವವರಿದ್ದಾರೆ. ಇಲ್ಲಿ ಮಾತ್ರ ಎರಡು ದನಿಗಳು ಒಂದನ್ನೊಂದು ಗುರುತು ಹಿಡಿದಂತಿವೆ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು, ಕೆರಳಿಸಿದ್ದು 'ಆಡಿಟೋರಿಯಂ'. ಇದರ ಸಂಗೀತ ಮ್ಯಾಡ್‌ಲಿಬ್ ಅವರದು. ಹಿಂದಿ ಸಿನಿಮಾ ಸಂಗೀತದ ತುಣುಕುಗಳಿಂದ ಅವರು ಕಟ್ಟಿದ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' ಸರಣಿಯಿಂದ ಬಂದದ್ದು. ಅದರ ಮೇಲೆ ಹಿರಿಯ ರ‍್ಯಾಪರ್ ಸ್ಲಿಕ್ ರಿಕ್ ಇರಾಕಿನಲ್ಲಿರುವ ಅಮೆರಿಕನ್ ಸೈನಿಕನಾಗಿ ಕತೆ ಹೇಳುತ್ತಾರೆ. ಆಗ ಇರಾಕಿನ ನೆಲದಲ್ಲಿ ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಸೆಕೆ, ಬೆವರು, ಕೈಯಲ್ಲಿ ಬಂದೂಕು, ಎದುರಿಗೆ ಸಿಟ್ಟಾದ ಜನ. ದನಿ ಎತ್ತರಿಸದೆ, ಹರಟೆ ಹೊಡೆಯುವಷ್ಟು ನಿರಾಳವಾಗಿ ಹೇಳುವ ಈ ಕತೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕತೆ ಬರೆಯುವ ನಮಗೆ ಆ ಮಿತವ್ಯಯ ಹೊಟ್ಟೆಕಿಚ್ಚು ತರಿಸುವಂಥದ್ದು.

ಎರಡನೆಯ ಸಲ ಕೇಳಿದಾಗ ಪ್ರಶ್ನೆಗಳೆದ್ದವು. ಇರಾಕಿನ ಬೀದಿಗೆ ಹಿಂದಿ ಚಿತ್ರದ ರಾಗ ಏಕೆ? ಅಮೆರಿಕದ ಕಿವಿಗೆ ಮುಂಬಯಿಯೂ ಬಾಗ್ದಾದೂ ಒಂದೇ 'ಪೂರ್ವ'ವೇ? ಸಾಬರೆಲ್ಲ ಒಂದೇ ಎಂಬ ಮಾತನ್ನು ಊರಲ್ಲಿ ಕೇಳಿ ಬೆಳೆದ ನಮಗೆ ಈ ಒಂದೇ ಎನ್ನುವಿಕೆ ನವಿರಾಗಿ ಚುಚ್ಚುತ್ತದೆ. ಇನ್ನೊಂದು ಮಾತು. ಇರಾಕಿಯ ಸಿಟ್ಟು ಇಲ್ಲಿ ಕೇಳಿಸುತ್ತದೆ, ನಿಜ. ಆದರೆ ಸೈನಿಕನ ಬಾಯಿಂದ. ಅವನಿಗೊಂದು ಹೆಸರಿಲ್ಲ. ತನ್ನ ಊರಿನಲ್ಲೇ ಪೊಲೀಸರಿಗೆ ಹೆದರಿ ಬದುಕುವ ಕರಿಯನನ್ನು ಬೇರೊಬ್ಬರ ಊರಿಗೆ ಬಂದೂಕು ಕೊಟ್ಟು ಕಳಿಸುವ ಕ್ರೌರ್ಯವನ್ನು ಹಾಡು ಬಲ್ಲದು. ಬಾಗಿಲಾಚೆ ನಿಂತವನ ಮನೆಯೊಳಗೆ ಮಾತ್ರ ಅದು ಕಾಲಿಡುವುದಿಲ್ಲ.

'ಲೈಫ್ ಇನ್ ಮಾರ್ವೆಲಸ್ ಟೈಮ್ಸ್'ನಲ್ಲಿ ಈ ಕೊರತೆ ಇಲ್ಲ. 1982ರ ಬ್ರೂಕ್ಲಿನ್, ಒಂಬತ್ತನೇ ಮಹಡಿ, ಪುಟ್ಟ ಮೂರು ಕೋಣೆಗಳು. ಬಡತನದ ನಡುವೆಯೂ ಬಾಲಕನ ಕಣ್ಣಿಗೆ ಕಾಲ ಅದ್ಭುತವಾಗಿಯೇ ಕಾಣುತ್ತದೆ. ತಾನು ಕಂಡುಂಡ ಬದುಕನ್ನು ಹೇಳುವಾಗ ಕಲಾವಿದನಿಗೆ ಯಾರ ದನಿಯನ್ನೂ ಎರವಲು ಪಡೆಯಬೇಕಿಲ್ಲ.

ದೋಷಗಳಿವೆ. ಹಲವು ಹಾಡುಗಳು ಕುದುರುವ ಮೊದಲೇ ಮುಗಿದುಬಿಡುತ್ತವೆ. ಸ್ಪ್ಯಾನಿಷ್ ಹಾಡು ಮೆರುಗಿನಾಚೆಗೆ ಹೋಗುವುದಿಲ್ಲ. 'ವಾಹಿದ್' ಎಂಬ ಶೀರ್ಷಿಕೆ ಕಂಡು ತೌಹೀದಿನ ಗಾಢ ಚಿಂತನೆ ಬಯಸಿದವರಿಗೆ ಸಿಗುವುದು ಎರಡು ನಿಮಿಷವೂ ತುಂಬದ ಹಾಡು.

ಆದರೂ ಈ ಕಲಾವಿದ ಮುಂದೆ ಮಾಡಿದ್ದನ್ನು ಮರೆಯುವಂತಿಲ್ಲ. 2013ರ ಜುಲೈನಲ್ಲಿ, ಗ್ವಾಂಟನಾಮೊ ಕೈದಿಗಳ ಉಪವಾಸ ಮುಷ್ಕರದ ವೇಳೆ, ಅವರಿಗೆ ಮೂಗಿನ ಮೂಲಕ ಕೊಳವೆ ತೂರಿಸಿ ಆಹಾರ ತುಂಬುವ ವಿಧಾನವನ್ನು ತಮ್ಮ ಮೈಮೇಲೆ ಮಾಡಿಸಿಕೊಂಡು ಯಾಸೀನ್ ಬೇ ಚಿತ್ರೀಕರಣಕ್ಕೆ ಕುಳಿತರು. ತಾಳಲಾರದೆ, ನಿಲ್ಲಿಸಿ ಎಂದು ಅಂಗಲಾಚಿದರು. ನಿಲ್ಲಿಸಲಾಯಿತು. ಕೈದಿಗಳು ಅಂಗಲಾಚಿದರೆ ನಿಲ್ಲಿಸುವವರಿರಲಿಲ್ಲ.

2009ರಲ್ಲಿ ಬಾಗಿಲಾಚೆಯೇ ಉಳಿದಿದ್ದ ಹಾಡುಗಾರ 2013ರಲ್ಲಿ ಒಂದು ಗಳಿಗೆಯಾದರೂ ಒಳಗೆ ಹೋಗಿ ಬಂದರು ಎಂದೇ ನಮಗನಿಸುತ್ತದೆ. ಮತ್ತೊಬ್ಬರ ನೋವಿನ ಬಗ್ಗೆ ಬರೆಯುವ ನಾವೆಲ್ಲ ಎಲ್ಲಿ ನಿಂತಿದ್ದೇವೆ ಎಂದು ಕೇಳಿಕೊಳ್ಳಲು ಈ ಆಲ್ಬಮ್ ಒಳ್ಳೆಯ ನೆಪ. ಹುಡುಗರ ಕೋಣೆಯ ಬಾಗಿಲು ಈಗ ತೆರೆದೇ ಇರುತ್ತದೆ.