ಗಂಡಮಾಲೆಯ ಅತಿವ್ಯಾಪ್ತಿಯೂ ಚಿಕಿತ್ಸಾಫಲದ ಅವ್ಯಾಪ್ತಿಯೂ

ಕೊರಳಲ್ಲಿ ಏಳುವ ಗಂಟುಗಳಿಗೆಲ್ಲ ‘ಗಂಡಮಾಲೆ’ಯೆಂದು ಹೆಸರಿಡುವುದು ಅತಿವ್ಯಾಪ್ತಿದೋಷವು. ಸುಶ್ರುತಸಂಹಿತೆಯ ನಿದಾನಸ್ಥಾನದ ೧೧ನೆಯ ಅಧ್ಯಾಯವು ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಒಂದೆಡೆ ಹೇಳಿದರೂ ಲಕ್ಷಣಗಳಿಂದ ವಿಂಗಡಿಸಿರುವುದು. ದುಗ್ಧರಸಗ್ರಂಥಿಗಳ ಅರ್ಬುದವಾದ ಲಿಂಫೋಮಾದ ವಿಚಾರವು ೧೮೩೨ರಲ್ಲಿ ಲಂಡನ್ನಿನ ವೈದ್ಯನಾದ ಥಾಮಸ್ ಹಾಡ್ಜ್‌ಕಿನ್ನನ ಲೇಖನದಿಂದ ಮೊದಲಾಯಿತು.

ಇದನ್ನು ಬರಿಯ ಶಬ್ದಕಲಹವೆಂದು ತಿಳಿಯಲಾಗದು. ಗ್ರಂಥಿಕ್ಷಯಕ್ಕೂ ಲಿಂಫೋಮಾಕ್ಕೂ ಗಂಟು, ಜ್ವರ, ರಾತ್ರಿಯ ಬೆವರು, ಕೃಶತೆಗಳು ಸಮಾನವಾಗಿರಬಹುದು. ಗಂಟನ್ನು ಛೇದಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಲ್ಲದೆ ನಿರ್ಣಯವಾಗದು. ಆ ಸೌಕರ್ಯವಿಲ್ಲದೆಡೆ ಕ್ಷಯದ ಔಷಧದಲ್ಲಿಯೇ ತಿಂಗಳುಗಳು ಕಳೆಯುವುವು. ೧೯೭೧ರ ಆನ್ ಆರ್ಬರ್ ವಿಭಾಗಕ್ರಮದಂತೆ ವಪೆಯ ಒಂದೇ ಪಾರ್ಶ್ವದಲ್ಲಿದ್ದ ಆದಿಮಾವಸ್ಥೆಯ ರೋಗವು ಅಷ್ಟರಲ್ಲಿ ಎರಡು ಕಡೆಗೂ ಹಬ್ಬಬಹುದು. ಆದಿಮಾವಸ್ಥೆಯ ಹಾಡ್ಜ್‌ಕಿನ್ ಲಿಂಫೋಮಾಕ್ಕೆ ಸುಸಜ್ಜಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಹೊಂದಿದವರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿ ೫ ವರ್ಷ ಮೀರಿ ಬದುಕುವರೆಂಬುದನ್ನು ನೆನೆದರೆ ಈ ವಿಳಂಬದ ಬೆಲೆಯು ತಿಳಿಯುವುದು.

ಇನ್ನು ಫಲವನ್ನೆಣಿಸುವಲ್ಲಿ ಅವ್ಯಾಪ್ತಿಯುಂಟು. ಆಳಂದ, ಅಫಜಲಪುರ, ಜೇವರ್ಗಿಗಳ ಬಡರೋಗಿಗೆ ಜಿಲ್ಲೆಯೊಳಗಿನ ಆಶ್ರಯವು ಕಲಬುರಗಿಯ ಕಿದ್ವಾಯಿ ಶಾಖೆಯು. ರೂಢಿಯ ಎ.ಬಿ.ವಿ.ಡಿ. ಔಷಧಕ್ರಮವು ಎರಡು ವಾರಕ್ಕೊಮ್ಮೆ ನಡೆಯತಕ್ಕದ್ದು. ತೊಗರಿಯ ಕೊಯ್ಲಿನಲ್ಲಿ ಒಂದು ಪ್ರಯಾಣವೆಂದರೆ ಕೂಲಿಯ ನಷ್ಟವೂ ಹೌದು. ನಡುವೆ ಬಿಟ್ಟವನನ್ನೂ ಬಾರದೆ ಉಳಿದವನನ್ನೂ ಎಣಿಸದ ಫಲವು ಔಷಧದ ಗುಣವನ್ನು ಹೇಳೀತು, ಸೀಮೆಯ ಸ್ಥಿತಿಯನ್ನು ಹೇಳದು.

ಆದುದರಿಂದ ಅರ್ಥಕೋಶಕಾರರು ಗಂಡಮಾಲೆಯನ್ನು ಕ್ಷಯದ ಗಂಟಿಗೇ ಮೀಸಲಿಡತಕ್ಕದ್ದು. ಫಲವನ್ನು ಲೆಕ್ಕಿಸುವವರು ರೋಗಿಯು ಗಂಟನ್ನು ಕಂಡ ದಿನದಿಂದಲೇ ಲೆಕ್ಕವನ್ನು ಮೊದಲುಮಾಡತಕ್ಕದ್ದು.