ಪೋರ್ಟೊ ರಿಕೊ ದ್ವೀಪದಲ್ಲಿ ಸಂತಾನನಿಯಂತ್ರಣ: ಒಂದು ಗ್ರಂಥವಿಮರ್ಶೆ

ಆನೆಟ್ ರಾಮಿರೆಸ್ ದೆ ಆರೆಲ್ಲಾನೊ, ಕಾನ್ರಾಡ್ ಸೈಪ್ ಇವರು 1983ರಲ್ಲಿ ಪೋರ್ಟೊ ರಿಕೊ ದ್ವೀಪದ ಸಂತಾನನಿಯಂತ್ರಣದ ಚರಿತ್ರೆಯನ್ನು ಕುರಿತು ಪ್ರಕಟಿಸಿದ ಗ್ರಂಥವು ವಸಾಹತು ಪ್ರಭುತ್ವ, ಕ್ಯಾಥೊಲಿಕ್ ಮತ, ಗರ್ಭನಿರೋಧ ಎಂಬ ಮೂರನ್ನೂ ತನ್ನ ಹೆಸರಿನಲ್ಲಿಯೇ ಸಾಲಾಗಿ ನಿಲ್ಲಿಸಿದೆ. ಮೊದಲೆರಡು ಪರಸ್ಪರ ವೈರಿಗಳು, ಮೂರನೆಯದು ಅವುಗಳ ಕಲಹವಸ್ತು ಎಂದು ವಾಚಕನು ಊಹಿಸುವುದು ಸಹಜ. ಗ್ರಂಥದ ಸಾಮಗ್ರಿಯ ಮುಂದೆ ಈ ಊಹೆ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ.

ದ್ವೀಪವು 1898ರಲ್ಲಿ ಸ್ಪೇಯಿನ್ ದೇಶದಿಂದ ಅಮೆರಿಕದ ವಶವಾಯಿತು. ಆದರೆ 1925ರಲ್ಲಿ ಪೊನ್ಸೆ ನಗರದಲ್ಲಿ ಮೊದಲ ಸಂತಾನನಿಯಂತ್ರಣ ಸಂಘವನ್ನು ಸ್ಥಾಪಿಸಿದ ವೈದ್ಯ ಲನೌಸೆ ರೊಲೊನ್ ಆ ನಾಡಿನವನೇ. ಇತ್ತ ಪ್ರಭುತ್ವವಾದರೋ, ಪರಿಹಾರನಿಧಿಯಿಂದ ನಡೆಯುತ್ತಿದ್ದ ಸಲಹಾಕೇಂದ್ರಗಳನ್ನು 1936ರಲ್ಲಿ ಕೈಬಿಟ್ಟಿತು. ಅದು ರೂಸ್‌ವೆಲ್ಟರ ಚುನಾವಣೆಯ ವರ್ಷ, ಕ್ಯಾಥೊಲಿಕ್ ಮತದಾರರ ಅಸಮಾಧಾನವು ಅವರಿಗೆ ಬೇಡವಾಗಿತ್ತು. 1960ರಲ್ಲಿ ಮುನ್ಯೋಸ್ ಮರೀನರ ಪಕ್ಷಕ್ಕೆ ಮತ ನೀಡಬಾರದೆಂದು ಆಜ್ಞಾಪತ್ರ ಹೊರಡಿಸಿದ ಬಿಷಪ್ ಡೇವಿಸ್, ಬಿಷಪ್ ಮೆಕ್‌ಮಾನಸ್ ಇಬ್ಬರೂ ಅಮೆರಿಕದಲ್ಲಿ ಹುಟ್ಟಿದವರು! ಜನರು ಆಜ್ಞೆಯನ್ನು ಲೆಕ್ಕಿಸದೆ ಮುನ್ಯೋಸರನ್ನೇ ಗೆಲ್ಲಿಸಿದರು. ಹೀಗಿರಲು ಯಾವುದು ಪರದೇಶದ್ದು, ಯಾವುದು ಸ್ವದೇಶದ್ದು?

1937ರ ಶಾಸನಗಳ ವಿವೇಚನೆಯು ಗ್ರಂಥದ ಸಾರಭಾಗ. ಒಂದು ಗರ್ಭನಿರೋಧದ ನಿಷೇಧವನ್ನು ಸಡಿಲಿಸಿತು. ಮತ್ತೊಂದು ಸುಪ್ರಜನನದ ಹೆಸರಿನಲ್ಲಿ ಮಂಡಲಿಯೊಂದನ್ನು ನೇಮಿಸಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಮ್ಮತಿ ನೀಡಿತು. ಸಲಹಾಕೇಂದ್ರಗಳು ಮತವಿರೋಧದಿಂದ ಬಡವಾಗಿದ್ದಾಗ, ಹೆರಿಗೆಗೆ ಬಂದ ಹೆಂಗಸಿಗೆ ಆಸ್ಪತ್ರೆಯಲ್ಲಿ ಸುಲಭವಾಗಿ ದೊರೆಯುತ್ತಿದ್ದುದು ಈ ಶಸ್ತ್ರಚಿಕಿತ್ಸೆಯೇ. 1965ರ ಸಮೀಕ್ಷೆಯ ವೇಳೆಗೆ 20ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಸುಮಾರು ಮೂರನೆಯ ಒಂದು ಭಾಗ ಅದಕ್ಕೆ ಒಳಗಾಗಿದ್ದರು. ತಾತ್ಕಾಲಿಕ ಉಪಾಯವನ್ನು ಅಡ್ಡಗಟ್ಟಿದ ಮತವೇ ಶಾಶ್ವತ ಉಪಾಯದ ದಾರಿಯನ್ನು ತೆರೆಯಿತೆಂಬ ಈ ವೈಪರೀತ್ಯವನ್ನು ಗ್ರಂಥಕರ್ತರು ಇನ್ನೂ ಒತ್ತಿ ಹೇಳಬಹುದಾಗಿತ್ತು.

ರಿಯೊ ಪಿಯೆದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಗುಳಿಗೆಯ ಪ್ರಯೋಗದಲ್ಲಿಯೂ ಇಂಥದೇ ಸಂಗತಿಯುಂಟು. ಶೇಕಡಾ 17 ಮಂದಿಗೆ ತಲೆಸುತ್ತು, ವಾಕರಿಕೆ ಮೊದಲಾದ ಬಾಧೆಗಳಾದುವೆಂದು ವೈದ್ಯೆ ಎಡ್ರಿಸ್ ರೈಸ್-ರೇ ವರದಿ ಮಾಡಿದರೂ ಪಿಂಕಸ್ ಅದನ್ನು ಮನೋಭ್ರಮೆಯೆಂದು ತಳ್ಳಿಹಾಕಿದನು. ಅವನ ಸಹಕಾರಿ ಜಾನ್ ರಾಕ್ ನಿಷ್ಠಾವಂತ ಕ್ಯಾಥೊಲಿಕ್.

ಕೊರತೆಯೆಂದರೆ, ಈ ಗ್ರಂಥದಲ್ಲಿ ಅಧಿಕಾರಿಗಳು, ವೈದ್ಯರು, ಬಿಷಪ್ಪರು ಮಾತಾಡುತ್ತಾರೆ. ಹೆಂಗಸರು ಬಹುಮಟ್ಟಿಗೆ ಎಣಿಕೆಗೆ ಮಾತ್ರ ಸಿಕ್ಕುತ್ತಾರೆ. 2002ರಲ್ಲಿ ಲಾರಾ ಬ್ರಿಗ್ಸ್, ಶಸ್ತ್ರಚಿಕಿತ್ಸೆಯೆಲ್ಲವೂ ಬಲಾತ್ಕಾರವೆಂಬ ರೂಢಿಯ ಮಾತನ್ನು ಪ್ರಶ್ನಿಸಿದುದು ಈ ಮೌನವನ್ನು ಮುರಿಯುವುದಕ್ಕಾಗಿಯೇ. ಆದರೆ ಬೇರೆ ದಾರಿಗಳೆಲ್ಲ ಮುಚ್ಚಿದ್ದಾಗ ಆಕೆ ಹೂಂ ಎಂದುದನ್ನು ಒಪ್ಪಿಗೆಯೆಂದು ಬರೆದುಕೊಳ್ಳಬಹುದೆ? ಈ ಪ್ರಶ್ನೆಯನ್ನು ಎರಡು ಗ್ರಂಥಗಳನ್ನೂ ಎದುರಿಗಿಟ್ಟುಕೊಂಡೇ ಓದಬೇಕು.