ಟ್ರೇಲರ್ ಕೊಳ್ಳುವಾಗ ನಾವು ಕೇಳದ ಪ್ರಶ್ನೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಸಾಗುವ ಟ್ರೇಲರನ್ನು ನೋಡದವರಿಲ್ಲ. ಗೊಬ್ಬರ, ಮೇವು, ಇಟ್ಟಿಗೆ, ಜಲ್ಲಿ, ನೀರು ಎಲ್ಲಕ್ಕೂ ಅದೇ ಬೇಕು. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ: ಎಷ್ಟು ಟನ್ ಹಿಡಿಯುತ್ತದೆ? ತಗಡು ಎಷ್ಟು ದಪ್ಪ? ಬೆಲೆ ಎಷ್ಟು? ತುಂಬಿದ ಟ್ರೇಲರನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆ ವಿರಳ. ಆದರೆ ಮೊದಲು ಕೇಳಬೇಕಾದದ್ದು ಅದನ್ನೇ.

ಗಾಡಿ ಕಲಿಸಿದ ಪಾಠ

ನಮ್ಮ ಎತ್ತಿನ ಗಾಡಿಯೂ ಒಂದೇ ಅಚ್ಚಿನ ಟ್ರೇಲರೇ. ಮೂಟೆಗಳನ್ನು ಹಿಂದಕ್ಕೆ ಪೇರಿಸಿದರೆ ಮೂಕಿ ಮೇಲೇಳುತ್ತದೆ; ಮುಂದಕ್ಕೆ ಪೇರಿಸಿದರೆ ನೊಗ ಎತ್ತುಗಳ ಕತ್ತನ್ನು ಒತ್ತುತ್ತದೆ. ಆದ್ದರಿಂದ ಗಾಡಿ ಹೊಡೆಯುವವರು ಒಂದೆರಡು ಮೂಟೆ ಸರಿಸಿ, ಭಾರ ಅಚ್ಚಿಗಿಂತ ತುಸು ಮುಂದೆ ಇರುವಂತೆ ನೋಡಿಕೊಳ್ಳುತ್ತಿದ್ದರು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು, ಸುಳಿ, ನಡಿಗೆ ಎಲ್ಲವನ್ನೂ ಪರೀಕ್ಷಿಸಿ ಎತ್ತು ಕೊಳ್ಳುವ ರೈತರು, ಟ್ರೇಲರ್ ಕೊಳ್ಳುವಾಗ ಬಣ್ಣ ನೋಡಿ ತೃಪ್ತರಾಗುವುದು ಸೋಜಿಗ.

ಲೆಕ್ಕ ಸರಳ. ಎರಡು ಗಾಲಿಯ ಟ್ರೇಲರ್ ಸರಕೂ ಸೇರಿ 4,000 ಕಿ.ಗ್ರಾಂ. ತೂಗುತ್ತದೆ, ಕೊಂಡಿಯಿಂದ ಅಚ್ಚಿಗೆ 3 ಮೀಟರ್ ದೂರ ಎಂದುಕೊಳ್ಳಿ. ಗುರುತ್ವ ಕೇಂದ್ರ ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ ಕೊಂಡಿಯ ಮೇಲೆ ಹತ್ತನೇ ಒಂದು ಪಾಲು, ಅಂದರೆ 400 ಕಿ.ಗ್ರಾಂ. ಭಾರ ಬೀಳುತ್ತದೆ. ಅಷ್ಟೇ ಹಿಂದಿದ್ದರೆ ಅದೇ 400 ಕಿ.ಗ್ರಾಂ. ಕೊಂಡಿಯನ್ನು ಮೇಲಕ್ಕೆತ್ತುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳ ಬ್ರೇಕು ಹಿಂದಿನ ಗಾಲಿಗಳಲ್ಲಿ ಮಾತ್ರ ಇರುವುದರಿಂದ, ಕೊಂಡಿ ಎದ್ದಾಗ ಎಳೆಯುವ ಮತ್ತು ನಿಲ್ಲಿಸುವ ಹಿಡಿತಗಳೆರಡೂ ಕುಗ್ಗುತ್ತವೆ. ಭಾರ ಅತಿಯಾಗಿ ಮುಂದಾದರೆ ಟ್ರ್ಯಾಕ್ಟರಿನ ಮುಂಗಾಲಿ ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಏರಿನಲ್ಲಿ ಎಳೆಯುವಾಗ ಈ ತೊಂದರೆ ಹೆಚ್ಚು. ಕೊಂಡಿ ಎತ್ತರದಲ್ಲಿದ್ದಷ್ಟೂ ಮತ್ತಷ್ಟು ಹೆಚ್ಚು.

ಅಮೆರಿಕದಲ್ಲಿ ವಾಸದ ಸೌಕರ್ಯವುಳ್ಳ ವಾಹನದ ಹಿಂದೆ ಮೋಟಾರ್‌ಸೈಕಲ್ ಹೊತ್ತ ಪುಟ್ಟ ಟ್ರೇಲರ್ ಎಳೆದೊಯ್ಯುವ ಪ್ರವಾಸಿಗರಿಗೂ ಇದೇ ಸಮಸ್ಯೆ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲಿರಲಿ ಎಂಬುದು ಅಲ್ಲಿ ರೂಢಿಯ ಸಲಹೆ. ಭಾರ ಹಿಂದಾದರೆ ವೇಗ ಏರಿದಂತೆ ಟ್ರೇಲರ್ ಎಡಬಲಕ್ಕೆ ತೂಗಾಡತೊಡಗುತ್ತದೆ.

ನಿಲ್ಲಿಸುವವರು ಯಾರು?

ಟ್ರ್ಯಾಕ್ಟರ್ 2,000 ಕಿ.ಗ್ರಾಂ., ಬ್ರೇಕಿಲ್ಲದ ಟ್ರೇಲರ್ 4,000 ಕಿ.ಗ್ರಾಂ. ಅದೇ ಬ್ರೇಕಿನ ಬಲ ಈಗ ಮೂರು ಪಟ್ಟು ದ್ರವ್ಯರಾಶಿಯನ್ನು ತಡೆಯಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂಟಿ ಟ್ರ್ಯಾಕ್ಟರ್ 12 ಮೀಟರಿನಲ್ಲಿ ನಿಲ್ಲುವುದಾದರೆ, ಟ್ರೇಲರ್ ಸಮೇತ ಅದಕ್ಕೆ ಸುಮಾರು 36 ಮೀಟರ್ ಬೇಕು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ತಿರುವಿನಲ್ಲಿ ಬ್ರೇಕು ಒತ್ತಿದರೆ ಹಿಂದಿನಿಂದ ನೂಕುವ ಟ್ರೇಲರ್, ಟ್ರ್ಯಾಕ್ಟರನ್ನು ಚಾಕುವಿನಂತೆ ಮಡಚಿಬಿಡಬಹುದು.

ಯೂರೋಪಿನಲ್ಲಿ ಕಾರುಗಳು ಎಳೆಯುವ ಟ್ರೇಲರ್ 750 ಕಿ.ಗ್ರಾಂ. ಮೀರಿದರೆ ಅದಕ್ಕೆ ಸ್ವಂತ ಬ್ರೇಕು ಕಡ್ಡಾಯ. ಟ್ರೇಲರ್ ಮುಂದಕ್ಕೆ ನೂಕುವ ಬಲದಿಂದಲೇ ಅದರ ಬ್ರೇಕು ಹಿಡಿಯುವ ಸರಳ ಏರ್ಪಾಟು ಅಲ್ಲಿ ಸಾಮಾನ್ಯ. ಹಲವು ಟನ್ ಹೊರುವ ನಮ್ಮ ಟ್ರೇಲರಿಗೆ ಬ್ರೇಕು ದುಬಾರಿ ಸೌಕರ್ಯ ಎಂದು ವಾದಿಸುವುದು ಹೇಗೆ?

ಎರಡು ಗಾಲಿಯೋ, ನಾಲ್ಕೋ?

ನಾಲ್ಕು ಗಾಲಿಯದೇ ಉತ್ತಮ ಎನ್ನುವುದೂ ಅವಸರದ ತೀರ್ಪು. ಅದರ ಭಾರವೆಲ್ಲ ತನ್ನ ಗಾಲಿಗಳ ಮೇಲೇ ಇರುವುದರಿಂದ ಕೊಂಡಿ ಏಳುವ ಭಯವಿಲ್ಲ. ಆದರೆ ಹಿಂದಕ್ಕೆ ಹಾಯಿಸುವುದು ಕಷ್ಟ, ಕೆಸರಿನಲ್ಲಿ ಟ್ರ್ಯಾಕ್ಟರಿನ ಹಿಂಗಾಲಿಗೆ ಹಿಡಿತವನ್ನೂ ಕೊಡದು. ಹೊಲದ ಕೆಲಸಕ್ಕೆ ಎರಡು ಗಾಲಿಯದು ಸಾಕು. ಹೆದ್ದಾರಿಯಲ್ಲಿ ಹೆಚ್ಚು ಭಾರ ಸಾಗಿಸುವವರಿಗೆ ನಾಲ್ಕು ಗಾಲಿಯೂ ಬ್ರೇಕೂ ಬೇಕು. ಬ್ರೇಕಿಲ್ಲದ ನಾಲ್ಕು ಗಾಲಿ ಅಪಾಯವನ್ನು ದೊಡ್ಡದು ಮಾಡುತ್ತದೆ, ಅಷ್ಟೆ.

ನೀರಿನ ಟ್ಯಾಂಕರಿನದು ಬೇರೆಯೇ ಕಥೆ. ಅರ್ಧ ತುಂಬಿದ ಟ್ಯಾಂಕರಿನಲ್ಲಿ ಗುರುತ್ವ ಕೇಂದ್ರ ನಿಂತಲ್ಲಿ ನಿಲ್ಲದು. ಹೊರಡುವಾಗ ಮತ್ತು ಏರಿನಲ್ಲಿ ನೀರು ಹಿಂದಕ್ಕೆ ಸರಿದು ಕೊಂಡಿಯನ್ನು ಎತ್ತುತ್ತದೆ; ಬ್ರೇಕು ಹಾಕಿದಾಗ ಮುಂದಕ್ಕೆ ನುಗ್ಗಿ ಹೊಡೆಯುತ್ತದೆ. ಒಳಗೆ ರಂಧ್ರಗಳುಳ್ಳ ಅಡ್ಡ ತಗಡುಗಳಿದ್ದರೆ ಈ ಓಲಾಟ ತಗ್ಗುತ್ತದೆ. ಕೊಳ್ಳುವ ಮುನ್ನ ಮುಚ್ಚಳ ತೆರೆದು ನೋಡಿದರೆ ಇವೆಯೋ ಇಲ್ಲವೋ ತಿಳಿಯುತ್ತದೆ.

ತೂಗಿ ನೋಡಿ

ಕೊಂಡಿಯ ಭಾರ ತಿಳಿಯಲು ಪ್ರಯೋಗಶಾಲೆ ಬೇಡ, ವೇ ಬ್ರಿಡ್ಜ್ ಸಾಕು. ಮೊದಲು ಟ್ರ್ಯಾಕ್ಟರನ್ನಷ್ಟೇ ತೂಗಿ. ಬಳಿಕ ತುಂಬಿದ ಟ್ರೇಲರ್ ಜೋಡಿಸಿ, ಅದರ ಗಾಲಿಗಳು ತಕ್ಕಡಿಯ ಹೊರಗೆ ಸಮತಟ್ಟಾಗಿ ನಿಲ್ಲುವಂತೆ ಮಾಡಿ ಮತ್ತೆ ಟ್ರ್ಯಾಕ್ಟರನ್ನು ತೂಗಿ. ಎರಡರ ವ್ಯತ್ಯಾಸವೇ ಕೊಂಡಿಯ ಭಾರ. ಎರಡನೆಯ ತೂಕ ಕಡಿಮೆ ಬಂದರೆ ಸರಕನ್ನು ಮುಂದಕ್ಕೆ ಸರಿಸಬೇಕು. ಎಷ್ಟು ಸರಿಸಿದರೂ ಸರಿಹೋಗದಿದ್ದರೆ ಅಚ್ಚು ಕೂರಿಸಿದ ಜಾಗವೇ ತಪ್ಪು.

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ನಾವು ಮಾತ್ರ ಅದನ್ನು ಗಾಲಿ ಇರುವ ಪೆಟ್ಟಿಗೆಯೆಂದು ಕೊಳ್ಳುತ್ತೇವೆ, ತಯಾರಿಸುವವರೂ ಹಾಗೆಯೇ ಬೆಸೆದು ಕೊಡುತ್ತಾರೆ. ಬ್ರೇಕು, ಅಚ್ಚಿನ ಸ್ಥಾನ, ಕೊಂಡಿಯ ಎತ್ತರ, ರಾತ್ರಿ ಕಾಣುವ ಹಿಂದಿನ ದೀಪ ಮತ್ತು ಪ್ರತಿಫಲಕ – ಇವನ್ನು ಕೊಳ್ಳುವವರು ಕೇಳತೊಡಗಿದರೆ ತಯಾರಿಸುವವರು ಒದಗಿಸಲೇಬೇಕಾಗುತ್ತದೆ. ಟ್ರೇಲರ್ ಎಷ್ಟು ಹೊರುತ್ತದೆ ಎಂಬುದು ಮಾಲೀಕರ ಲಾಭದ ವಿಷಯ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ರಸ್ತೆಯಲ್ಲಿರುವ ಎಲ್ಲರ ಪ್ರಾಣದ ವಿಷಯ.